ಪ್ರತಿ: ಬೆಂಗಳೂರಿನ ಕಾಟನ್‌ಪೇಟೆ, 15×40 ಅಡಿ ಖಾಲಿ ಸೈಟು – ಪಾಯ ತೋಡಿದ ಮೇಲೆ ಪಕ್ಕದ ಹಳೇ ಮನೆ ಗೋಡೆ ಬಿರುಕು

ನಿಮ್ಮ ಪಾಯಕ್ಕೆ ಇಡೀ 40 ಅಡಿ ಉದ್ದಕ್ಕೂ ಒಂದೇ ಸಲ 5 ಅಡಿ ಆಳ ತೋಡಿಸಿದ್ದೇ ಪಕ್ಕದ ಗೋಡೆ ಬಿರುಕು ಬಿಡೋಕೆ ಬಹುಶಃ ಕಾರಣ. ಪೇಟೆಯ ಹಳೇ ಮನೆಗಳ ಕಲ್ಲಿನ ಪಾಯ ಎಷ್ಟೋ ಕಡೆ ಎರಡು-ಮೂರು ಅಡಿಗೇ ಮುಗಿಯುತ್ತದೆ. ಮೇಲೆ ಮಣ್ಣಿನ ಗೋಡೆ. ಪಕ್ಕದ ಮಣ್ಣು ತೆಗೆದರೆ ಅದಕ್ಕೆ ಆಸರೆಯೇ ಇರಲ್ಲ.

ಇವತ್ತೇ ಅಗೆಯೋದು ನಿಲ್ಲಿಸಿ. ಬಿರುಕು ಬಿಟ್ಟ ಗೋಡೆಯ ಕೋಣೆಯಲ್ಲಿ ಮಲಗಬೇಡಿ ಅಂತ ಪಕ್ಕದವರಿಗೆ ಹೇಳಿ. ಗುಂಡಿಗೆ ಯಾರನ್ನೂ ಇಳಿಸಬೇಡಿ, ಮೇಲಿಂದಲೇ ಗೋಡೆ ಬುಡಕ್ಕೆ ಮಣ್ಣು ತುಂಬಿಸಿ. ಮಳೆನೀರು ಇಳಿಯದಂತೆ ಟಾರ್ಪಾಲು ಹಾಕಿ.

ಆಮೇಲೆ ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಸಿಮೆಂಟ್‌ನಲ್ಲಿ ಕೂರಿಸಿ, ತಾರೀಕು ಬರೆದು ಫೋಟೋ ತೆಗೆದಿಡಿ. ಗಾಜು ಸೀಳಿದರೆ ಗೋಡೆ ಇನ್ನೂ ಜರುಗುತ್ತಿದೆ ಅಂತ ಅರ್ಥ.

ಒಳಚರಂಡಿ ಪೈಪ್ ಸೋರಿ ಮಣ್ಣು ಕುಸಿದಿದ್ದರೂ ಹೀಗಾಗುತ್ತದೆ. ನೀವು ಹಾಕಿದ ಫೋಟೋದಲ್ಲಿ ಅದು ಗೊತ್ತಾಗಲ್ಲ, ಗುಂಡಿಯ ತಳ ಒದ್ದೆ ಇತ್ತಾ ನೆನಪಿಸಿಕೊಳ್ಳಿ.

ಸ್ಟ್ರಕ್ಚರಲ್ ಇಂಜಿನಿಯರ್‌ನ ಕರೆಸಿ, ಮೇಸ್ತ್ರಿ ಮಾತೊಂದೇ ಸಾಲದು. ಗೋಡೆ ಪಕ್ಕ 3-4 ಅಡಿ ತುಂಡುಗಳಾಗಿ, ಒಂದು ಬಿಟ್ಟು ಒಂದು ತೋಡಿ ಕಾಂಕ್ರೀಟ್ ತುಂಬಬಹುದಾ ಕೇಳಿ. ಕಂಬಗಳನ್ನು ಗಡಿಯಿಂದ ಒಳಕ್ಕೆ ಸರಿಸಬಹುದಾ ಅಂತಾನೂ ಕೇಳಿ. 15 ಅಡಿಯಲ್ಲಿ ಜಾಗ ಬಿಡೋದು ಹೊಟ್ಟೆ ಉರಿಯುತ್ತದೆ ನಿಜ, ಆದರೆ ಆ ಗೋಡೆಯಾಚೆ ಜನ ಇದ್ದಾರೆ ಅಲ್ವಾ. ಇಂಜಿನಿಯರ್ ಬರೆದುಕೊಟ್ಟ ಡ್ರಾಯಿಂಗ್ ಕೈಗೆ ಬಂದ ಮೇಲೆಯೇ ಮತ್ತೆ ಗುದ್ದಲಿ ಹಾಕಿಸಿ.