ಸಂಪ್ರದಾಯಸ್ಥ ಮತದಾರರ ಮನಸ್ಸು ಸಮೀಕ್ಷೆಯಿಂದ ಗೊತ್ತಾಗುತ್ತಾ?

ನೀವು ಕೇಳಿದ್ದು ಇಷ್ಟು: ಸಂಪ್ರದಾಯಸ್ಥ ಮತದಾರರು ಹೀಗೆ ಯೋಚಿಸುತ್ತಾರೆ, ಹಾಗೆ ಯೋಚಿಸುತ್ತಾರೆ ಎಂದು ಸಮೀಕ್ಷೆಗಳು ಹೇಳುತ್ತವಲ್ಲ, ಅದರಿಂದ ಅವರ ನಂಬಿಕೆ ನಿಜವಾಗಿ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಆದರೆ ಒಂದೇ ಅಂಕಿ ಹಿಡಿದುಕೊಂಡು ಕೂತರೆ ಆಗುವುದಿಲ್ಲ. ಒಬ್ಬರೇ ಮನುಷ್ಯರು ಹೊಸ್ತಿಲ ಒಳಗೆ ಒಂದು ಅಳತೆ, ಹೊರಗೆ ಇನ್ನೊಂದು ಅಳತೆ ಇಟ್ಟುಕೊಂಡಿರುತ್ತಾರೆ. ಎರಡನ್ನೂ ಮನಸಾರೆ ನಂಬಿರುತ್ತಾರೆ.

ನಾನು ಡೊಂಬಿವಲಿಯವಳು, ಅಪ್ಪನ ಊರು ಕುಂದಾಪುರದ ಹತ್ತಿರ. ಆರು ವರ್ಷ ಮುಂಬೈ, ಠಾಣೆ, ಕಲ್ಯಾಣ್ ಕಡೆ ಮನೆ ಮನೆಗೆ ಹೋಗಿ ಸಮೀಕ್ಷೆಯ ಪ್ರಶ್ನೆ ಕೇಳುವ ಕೆಲಸ ಮಾಡಿದ್ದೇನೆ. ಕನ್ನಡದವರ ಮನೆ ಎಂದರೆ ನನ್ನನ್ನೇ ಕಳಿಸುತ್ತಿದ್ದರು.

ಮೊದಲು ದೊಡ್ಡ ಸಮೀಕ್ಷೆ ಒಂದನ್ನು ನೋಡಿ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆಯಿಂದ 2020ರ ಮಾರ್ಚ್‌ವರೆಗೆ ಭಾರತದಲ್ಲಿ ಸುಮಾರು 30,000 ಜನರನ್ನು 17 ಭಾಷೆಗಳಲ್ಲಿ ಮಾತಾಡಿಸಿತು. ನಿಜವಾದ ಭಾರತೀಯ ಎನಿಸಿಕೊಳ್ಳಲು ಹಿಂದೂ ಆಗಿರುವುದು ಬಹಳ ಮುಖ್ಯ ಎಂದ ಹಿಂದೂಗಳು ಶೇ. 64. ದಕ್ಷಿಣದಲ್ಲಿ ಮಾತ್ರ ಶೇ. 42. ಹಿಂದೂ ಆಗಿರುವುದು, ಹಿಂದಿ ಮಾತಾಡುವುದು ಎರಡೂ ಬಹಳ ಮುಖ್ಯ ಎಂದ ಹಿಂದೂ ಮತದಾರರಲ್ಲಿ 2019ರಲ್ಲಿ ಬಿಜೆಪಿಗೆ ಮತ ಹಾಕಿದವರು ಶೇ. 60. ಎರಡಕ್ಕೂ ಅಷ್ಟು ಒತ್ತು ಕೊಡದವರಲ್ಲಿ ಶೇ. 33. ಅಂದರೆ ನಂಬಿಕೆಗೂ ಮತಕ್ಕೂ ನಂಟಿದೆ, ಅನುಮಾನವೇ ಬೇಡ.

ಆದರೆ ಅದೇ ಸಮೀಕ್ಷೆಯಲ್ಲಿ, ನಿಜವಾದ ಭಾರತೀಯರಾಗಲು ಎಲ್ಲ ಧರ್ಮಗಳನ್ನೂ ಗೌರವಿಸುವುದು ಬಹಳ ಮುಖ್ಯ ಎಂದವರು ಶೇ. 84. ಮತ್ತೆ ಅದರಲ್ಲೇ, ನಮ್ಮ ಹೆಣ್ಣುಮಕ್ಕಳು ಬೇರೆ ಧರ್ಮದವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದ ಹಿಂದೂಗಳು ಶೇ. 67, ಮುಸ್ಲಿಮರು ಶೇ. 80. ಓದುವವರಿಗೆ ಇದು ಒಂದಕ್ಕೊಂದು ಹೊಂದದ ಮಾತು ಅನಿಸುತ್ತದೆ. ಉತ್ತರ ಕೊಟ್ಟವರಿಗೆ ಅನಿಸುವುದಿಲ್ಲ. "ಅವರವರ ದೇವರು ಅವರವರಿಗೆ, ಸಂಬಂಧ ಮಾತ್ರ ನಮ್ಮವರಲ್ಲೇ" ಎಂಬ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಗೌರವ ಎಂದರೆ ಅವರಿಗೆ ದೂರದಿಂದ ಕೈಮುಗಿಯುವುದು, ಬೆರೆಯುವುದಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ಆದರೂ ಅವರನ್ನು ಸುಳ್ಳರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೆಂಗಸರ ವಿಷಯದಲ್ಲೂ ಹೀಗೆಯೇ. ಹೆಂಡತಿ ಯಾವಾಗಲೂ ಗಂಡನ ಮಾತು ಕೇಳಬೇಕು ಎಂಬುದನ್ನು ಶೇ. 87 ಜನ ಪೂರ್ತಿಯಾಗಿಯೋ ಬಹುಮಟ್ಟಿಗೋ ಒಪ್ಪಿದರು. ಪೂರ್ತಿ ಒಪ್ಪಿದವರು ಗಂಡಸರಲ್ಲಿ ಶೇ. 67, ಹೆಂಗಸರಲ್ಲೂ ಶೇ. 61. ಆದರೆ ರಾಜಕೀಯದಲ್ಲಿ ಗಂಡು ಹೆಣ್ಣು ಇಬ್ಬರೂ ಸಮನಾಗಿ ಒಳ್ಳೆಯ ನಾಯಕರಾಗಬಲ್ಲರು ಎಂದವರು ಶೇ. 55. ಹೆಂಗಸರೇ ಮೇಲು ಎಂದವರು ಇನ್ನೊಂದು ಶೇ. 14. ಇಂದಿರಾ, ಜಯಲಲಿತಾ, ಮಮತಾ ಇವರನ್ನು ಕಂಡ ದೇಶ ಅಲ್ವಾ.

ಈ 87ರ ಒಳಗೆ ಏನಿರಬಹುದು ಅನ್ನುವುದು ನನಗೆ ಒಂದು ಮನೆಯಲ್ಲಿ ಅರ್ಥವಾಯಿತು. ಅದು ಬೇರೆ ಸಮೀಕ್ಷೆ, ಪ್ರಶ್ನೆ ಮಾತ್ರ ಹೆಚ್ಚು ಕಡಿಮೆ ಇದೇ. ಡೊಂಬಿವಲಿ ಪೂರ್ವದಲ್ಲಿ ಹಳೇ ಬಿಲ್ಡಿಂಗ್, ಮೂರನೇ ಮಹಡಿ. ನಮ್ಮೂರ ಕಡೆಯವರೇ. ಯಜಮಾನರು ದಾದರ್‌ನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂತು ನಿವೃತ್ತರಾದವರು. ಅವರ ಹೆಂಡತಿ, ನಾನು ದೊಡ್ಡಮ್ಮ ಎಂದೇ ಕರೆದೆ, ಹಸಿ ಬಟಾಣಿ ಸುಲಿಯುತ್ತಾ ಕೂತಿದ್ದರು. ನಾನು ಪ್ರಶ್ನೆ ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಯಜಮಾನರು "ಹೌದು ಅಂತ ಬರಿ" ಎಂದರು. ದೊಡ್ಡಮ್ಮನೂ ತಲೆಯಾಡಿಸಿದರು. ಅಷ್ಟರಲ್ಲಿ ನೀರಿನ ಹೊತ್ತಾಯಿತೆಂದು ಯಜಮಾನರು ಪಂಪ್ ಹಾಕಲು ಕೆಳಗಿಳಿದರು.

"ಮಗಾ, ಅದು ಬರ್ದಾಯ್ತಾ?" ದೊಡ್ಡಮ್ಮ ಕೇಳಿದರು. "ಇವರು ಹೇಳಿದ್ದೆಲ್ಲ ಕೇಳಿದ್ರೆ ಈ ಮನೆಯೇ ಇರ್ತಿರ್ಲಿಲ್ಲ. ಬೇಡ ಬೇಡ ಅಂದ್ರೂ ನನ್ನ ಬಳೆ ಅಡವಿಟ್ಟು ದುಡ್ಡು ಕಟ್ಟಿದ್ದು ನಾನು."

"ಹಾಗಾದ್ರೆ ಉತ್ತರ ಬದಲಾಯಿಸ್ಲಾ ದೊಡ್ಡಮ್ಮ?"

ಬಟಾಣಿ ಸಿಪ್ಪೆ ಮೊರದಲ್ಲಿ ಒಟ್ಟುಮಾಡುತ್ತಾ ಸ್ವಲ್ಪ ಯೋಚಿಸಿದರು. "ಬೇಡ, ಹೌದು ಅಂತ್ಲೇ ಇರ್ಲಿ. ಇರ್ಬೇಕಾದ್ದು ಹಾಗೇ ಅಲ್ದಾ."

ಹೆದರಿ ಹೇಳಿದ ಮಾತು ಅದಾಗಿರಲಿಲ್ಲ. ಹೇಗಿರಬೇಕು ಎಂದು ಸಮೀಕ್ಷೆ ಕೇಳುತ್ತದೆ, ಹೇಗಿದ್ದೀರಿ ಎಂದು ಕೇಳುವುದು ಕಡಿಮೆ. ಎರಡರ ನಡುವಿನ ಅಂತರ ಕಾಲಂನಲ್ಲಿ ಬರುವುದಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದೂ ಎಷ್ಟೋ ಸಲ ಬರುವುದಿಲ್ಲ. ಮತ ಯಾರಿಗೆ ಎಂಬ ಪ್ರಶ್ನೆಗೆ ದೆಹಲಿಯ ಲೋಕನೀತಿ ಎಂಬ ಸಂಶೋಧನಾ ಸಂಸ್ಥೆಯವರು ನಕಲಿ ಮತಪತ್ರ ಕೊಟ್ಟು, ಗುರುತು ಹಾಕಿಸಿ, ಪೆಟ್ಟಿಗೆಯೊಳಗೆ ಹಾಕಿಸಿಕೊಳ್ಳುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಮದುವೆ, ಜಾತಿ, ನೆರೆಹೊರೆಯ ಪ್ರಶ್ನೆಗಳಿಗೂ ಅಂಥ ಪೆಟ್ಟಿಗೆ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇನ್ನು ಪದಗಳ ವಿಷಯ. ನಾನು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಪ್ರಶ್ನೆಪತ್ರಿಕೆ ಮರಾಠಿ, ಹಿಂದಿಯಲ್ಲಿ ಮಾತ್ರ ಇತ್ತು. ಕನ್ನಡದವರಿಗೆ ನೀವೇ ಬಾಯಲ್ಲಿ ಹೇಳಿ ಎಂದುಬಿಟ್ಟರು. ಅದು ತಪ್ಪು, ಇವತ್ತಿಗೂ ನನಗೆ ಬೇಜಾರಿದೆ. ಮರಾಠಿಯಲ್ಲಿ "ಖಂಬೀರ್" ನಾಯಕ ಎಂದಿತ್ತು. ನಾನು "ಗಟ್ಟಿ ನಾಯಕ" ಎಂದೆ. ಕೇಳಿದವರೆಲ್ಲ ಬೇಕು ಬೇಕು ಎಂದರು. ನನ್ನ ಜೊತೆಯವಳು "ಬಿಗಿ ಕೈಯ ನಾಯಕ" ಎಂದು ಕೇಳಿದಳಂತೆ. ವಯಸ್ಸಾದವರು "ಎಮರ್ಜೆನ್ಸಿ ತರಹವಾ?" ಎಂದು ತಿರುಗಿ ಕೇಳಿದರಂತೆ. ಪ್ರಜಾಪ್ರಭುತ್ವವೋ ಬಲವಾದ ನಾಯಕನೋ ಎಂಬ ಪ್ಯೂ ಪ್ರಶ್ನೆಗೆ ದೇಶದಲ್ಲಿ ಬಂದ ಉತ್ತರ: ಪ್ರಜಾಪ್ರಭುತ್ವಕ್ಕೆ ಶೇ. 46, ಬಲವಾದ ನಾಯಕನಿಗೆ ಶೇ. 48. ಇಷ್ಟು ಹತ್ತಿರದ ಲೆಕ್ಕದಲ್ಲಿ ಒಂದು ಪದ ಎಷ್ಟು ಕೆಲಸ ಮಾಡೀತು ನೀವೇ ನೋಡಿ.

ಅಮೆರಿಕದಲ್ಲೂ ಇದೇ ಪಾಡು. 2015ರ ಡಿಸೆಂಬರ್‌ನಲ್ಲಿ ಪಬ್ಲಿಕ್ ಪಾಲಿಸಿ ಪೋಲಿಂಗ್ ಎಂಬ ಸಂಸ್ಥೆ ಅಗ್ರಬಾ ಮೇಲೆ ಬಾಂಬ್ ಹಾಕಬೇಕೇ ಎಂದು ಕೇಳಿತು. ಅಲ್ಲಿನ ಸಂಪ್ರದಾಯಸ್ಥರ ಪಕ್ಷವಾದ ರಿಪಬ್ಲಿಕನ್ ಮತದಾರರಲ್ಲಿ ಶೇ. 30 ಜನ ಹೌದು ಎಂದರು. ಅಗ್ರಬಾ ಎಂಬುದು ಡಿಸ್ನಿಯ ಅಲ್ಲಾದ್ದೀನ್ ಕಾರ್ಟೂನಿನ ಊರು. ಸಂಪ್ರದಾಯಸ್ಥರು ದಡ್ಡರು ಎನ್ನಲು ಜನ ಇದನ್ನು ಜಾಸ್ತಿ ಬಳಸಿದರು. ಎದುರು ಪಕ್ಷದ ಡೆಮಾಕ್ರಾಟರಲ್ಲೂ ಶೇ. 19 ಜನ ಹೌದು, ಶೇ. 36 ಜನ ಬೇಡ ಎಂದಿದ್ದರು. ಇಲ್ಲದ ಊರಿನ ಬಗ್ಗೆ ಅವರಿಗೂ ಅಭಿಪ್ರಾಯವಿತ್ತು. ಪ್ರಶ್ನೆ ಕೇಳಿದಾಗ ಗೊತ್ತಿಲ್ಲ ಎನ್ನಲು ಎಷ್ಟೋ ಜನರಿಗೆ ಸಂಕೋಚವೇ.

ನಂಬಿಕೆ ಕಲ್ಲಿನ ಹಾಗೆ ಕೂತಿರುವುದೂ ಇಲ್ಲ. ಅಮೆರಿಕದ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಸಲಿಂಗಿ ಮದುವೆಗೆ ಬೆಂಬಲ ಕೊಟ್ಟ ರಿಪಬ್ಲಿಕನ್ನರು 2021ರಲ್ಲಿ ಶೇ. 55 ಇದ್ದರು, 2025ರ ಹೊತ್ತಿಗೆ ಶೇ. 41ಕ್ಕೆ ಇಳಿದರು. ಒಂದೇ ವರ್ಷದ ಅಂಕಿ ನೋಡಿ "ಇವರು ಬದಲಾದರು" ಎಂದು ಬರೆದವರು ಮತ್ತೆ ತಿದ್ದಿ ಬರೆಯಬೇಕಾಯಿತು.

2024ರಲ್ಲಿ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಸೀಟು ಕೊಟ್ಟು, ಬಂದದ್ದು 293 ಆಯಿತಲ್ಲ, ಹಾಗಾಗಿ ಯಾವುದನ್ನೂ ನಂಬಬಾರದು ಎನ್ನುವವರಿದ್ದಾರೆ. ಸೀಟಿನ ಲೆಕ್ಕ ಬೇರೆ, ನಂಬಿಕೆಯ ಲೆಕ್ಕ ಬೇರೆ. ಅದೇ ಚುನಾವಣೆಗೆ ಮುಂಚೆ ಲೋಕನೀತಿ ಕೇಳಿದಾಗ, ಭಾರತ ಎಲ್ಲ ಧರ್ಮದವರಿಗೂ ಸಮನಾಗಿ ಸೇರಿದ್ದು ಎಂದವರು ಶೇ. 79. ದೊಡ್ಡ ಚಿಂತೆ ಯಾವುದು ಎಂದರೆ ಕೆಲಸ, ಬೆಲೆಯೇರಿಕೆ ಮುಂದಿದ್ದವು.

ನೀವು ಯಾವ ಸಮೀಕ್ಷೆ ನೋಡಿ ಈ ಪ್ರಶ್ನೆ ಹಾಕಿದಿರಿ ಗೊತ್ತಾಗಲಿಲ್ಲ. ಸುದ್ದಿಯ ತಲೆಬರಹ ಬೇಡ, ಅವರು ಕೇಳಿದ ಪ್ರಶ್ನೆಯ ಮೂಲ ಪಠ್ಯ ಸಿಕ್ಕರೆ ಕೆಳಗೆ ಹಾಕಿ. ಯಾವ ಭಾಷೆಯಲ್ಲಿ, ಮನೆಯಲ್ಲೋ ಫೋನಿನಲ್ಲೋ ಕೇಳಿದ್ದು ಎಂಬುದೂ ಇದ್ದರೆ ಒಳ್ಳೆಯದು. ಕೂತು ಓದಿ ಹೇಳುತ್ತೇನೆ.