ಕಡಲ ಗಾಳಿಯ ಊರಲ್ಲಿ ಲೇಪನದ ಬೀಡಿನ ಪೈಪ್: ಎಲ್ಲಿ ಬೇಕು, ಎಲ್ಲಿ ಬೇಡ

ನಿಮ್ಮ ಪ್ರಶ್ನೆ ನಾನು ಅರ್ಥಮಾಡಿಕೊಂಡದ್ದು ಹೀಗೆ. ಮಂಗಳೂರಿನ ಬಿಜೈ ಕಡೆ ಅಣ್ಣ ತಮ್ಮ ಸೇರಿ ಆರು ಮಹಡಿಯ ಕಟ್ಟಡ ಕಟ್ಟಿಸುತ್ತಿದ್ದೀರಿ. ಅಡಿಯಲ್ಲಿ ಪಾರ್ಕಿಂಗ್, ರಸ್ತೆ ಬದಿಗೆ ಬಾಡಿಗೆಗೆ ಒಂದು ಹೋಟೆಲ್, ಮೇಲೆ ಮನೆಗಳು. ಆರ್ಕಿಟೆಕ್ಟ್ ಡ್ರೈನೇಜಿಗೆ ಎಪಾಕ್ಸಿ (ಗಟ್ಟಿಯಾಗಿ ಅಂಟುವ ರಾಳ) ಲೇಪನದ ಬೀಡಿನ ಪೈಪ್, ಅಂದರೆ ಎರಕದ ಕಬ್ಬಿಣದ ಪೈಪ್, ಬರೆದುಕೊಟ್ಟಿದ್ದಾರೆ. ಪ್ಲಂಬರ್ ಮಾತ್ರ "ಈ ಉಪ್ಪುಗಾಳಿಗೆ ಕಬ್ಬಿಣ ಯಾರಾದರೂ ಹಾಕ್ತಾರಾ ಸಾರ್, ಪಿವಿಸಿ ಸಾಕು, ಈ ಪೈಪ್ ಜೋಡಿಸಿ ನಮಗೆ ಅಭ್ಯಾಸವೂ ಇಲ್ಲ" ಅಂತಿದ್ದಾನೆ. ಯಾರ ಮಾತು ಕೇಳುವುದು?

ಇಬ್ಬರದ್ದೂ ಅರ್ಧರ್ಧ ಕೇಳಿ. ನಾನು ಮಂಗಳೂರು, ಉಡುಪಿ ಕಡೆ ಕಟ್ಟಡಗಳ ಪ್ಲಂಬಿಂಗ್ ಡಿಸೈನ್ ಮಾಡುವವನು, ಯಾವ ಪೈಪನ್ನೂ ಮಾರುವವನಲ್ಲ. ನಿಮ್ಮ ಕಟ್ಟಡ ನನ್ನ ಕೈಗೆ ಬಂದಿದ್ದರೆ ಮೂರು ಕಡೆ ಮಾತ್ರ ಬೀಡು ಹಾಕಿಸುತ್ತಿದ್ದೆ: ಮೇಲಿಂದ ಕೆಳಕ್ಕೆ ಇಳಿಯುವ ಟಾಯ್ಲೆಟ್ ಸ್ಟ್ಯಾಕ್, ಪಾರ್ಕಿಂಗಿನ ಮೇಲಿನ ಸ್ಲ್ಯಾಬಿಗೆ ನೇತುಬಿದ್ದು ಅಡ್ಡ ಹೋಗುವ ಲೈನು, ಹೋಟೆಲ್ ಅಡುಗೆಮನೆಯ ಲೈನು. ಬಾತ್‌ರೂಮಿನ ಒಳಗಿನ ಸಣ್ಣ ಲೈನುಗಳಿಗೆ, ತಾರಸಿಯ ಮಳೆನೀರಿಗೆ, ಮಣ್ಣಿನಡಿಯ ಲೈನಿಗೆ ಪಿವಿಸಿಯೇ ಸರಿ. ಅಲ್ಲಿ ಬೀಡು ಹಾಕುವುದು ದುಡ್ಡು ದಂಡ.

ಮೊದಲು ತುಕ್ಕಿನ ವಿಷಯ, ಯಾಕೆಂದರೆ ಪ್ಲಂಬರ್ ಹೆದರುವುದು ಸುಮ್ಮನೆ ಅಲ್ಲ. ಹಂಪನಕಟ್ಟೆ ಸುತ್ತಮುತ್ತಲಿನ ಹಳೆಯ ಕಟ್ಟಡ ಕೆಡವುವಾಗ ಹೊರಗೆ ಬೀಳುವ ಸಾಯಿಲ್ ಪೈಪುಗಳನ್ನು (ಟಾಯ್ಲೆಟ್ ಕೊಳಚೆಯ ಬೀಡಿನ ಪೈಪು) ನೋಡಿದರೆ ಯಾರಿಗಾದರೂ ಭಯವಾಗುತ್ತದೆ. ಹೊರಗಿಂದ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಪೆನ್ನೈಫ್ ಒತ್ತಿದರೆ ಕಪ್ಪು ಪುಡಿ ಉದುರಿಸುತ್ತಾ ಒಳಗೆ ಇಳಿಯುತ್ತದೆ. ಬೀಡಿನಲ್ಲಿ ಕಬ್ಬಿಣದ ಜೊತೆ ಗ್ರಾಫೈಟ್ ಇರುತ್ತದೆ. ಕಬ್ಬಿಣ ಕರಗಿ ಹೋಗಿ ಗ್ರಾಫೈಟಿನ ಅಚ್ಚು ಮಾತ್ರ ಪೈಪಿನ ಆಕಾರದಲ್ಲಿ ನಿಂತಿರುತ್ತದೆ. ಇದಕ್ಕೆ ಹೊರಗಿನ ಉಪ್ಪುಗಾಳಿಗಿಂತ ಒಳಗಿನ ಗಾಳಿ ಹೆಚ್ಚು ಕಾರಣ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಪೈಪಿನ ಮೇಲ್ಭಾಗದ ತೇವಕ್ಕೆ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತವೆ. ಹಾಗಾಗಿ ಅಡ್ಡ ಲೈನು ತಳದಲ್ಲಿ ಅಲ್ಲ, ನೆತ್ತಿಯಲ್ಲಿ ತೂತಾಗುತ್ತದೆ. ಆ ಕಾಲದ ಪೈಪಿಗೆ ಇದ್ದದ್ದು ಡಾಂಬರಿನ ತೆಳು ಲೇಪ, ಜಾಯಿಂಟಿಗೆ ನಾರು ತುಂಬಿ ಸೀಸ ಕರಗಿಸಿ ಹೊಯ್ಯುವುದು. ಒಳಮೈ ತುಕ್ಕು ಹಿಡಿದು ಉರುಟುರುಟಾದ ಮೇಲೆ ಕೂದಲು, ಜಿಡ್ಡು ಎಲ್ಲ ಅಲ್ಲಿಗೇ ಕಚ್ಚಿಕೊಳ್ಳುತ್ತಿತ್ತು.

ಈಗ ನಿಮ್ಮ ಆರ್ಕಿಟೆಕ್ಟ್ ಬರೆದಿರುವುದು ಬೇರೆಯೇ ಮಾಲು. ಅಚ್ಚು ತಿರುಗಿಸುತ್ತಾ ಎರಕ ಹೊಯ್ದದ್ದು, ಎರಡೂ ತುದಿ ಸಾದಾ, ಬಾಯಿ ಅಗಲಿಸಿದ ಸಾಕೆಟ್ ಇಲ್ಲ. ಯುರೋಪಿನ ಇಎನ್ 877 ಪ್ರಕಾರ 100 ಮಿ.ಮೀ. ಪೈಪಿನ ಗೋಡೆ 3.5 ಮಿ.ಮೀ., ಒಳಗೆ ಹಳದಿ ಮಿಶ್ರಿತ ಕಾವಿ ಬಣ್ಣದ ಎಪಾಕ್ಸಿ, ಹೊರಗೆ ಕೆಂಪು ಪ್ರೈಮರ್. ಆ ಮಾನದಂಡದಲ್ಲಿ ಒಳಲೇಪವನ್ನು ಪಿಎಚ್ 2ರಿಂದ 12ರವರೆಗಿನ ಕೊಳೆನೀರಿನಲ್ಲಿ 30 ದಿನ ಇಟ್ಟು ಪರೀಕ್ಷೆ ಮಾಡುತ್ತಾರೆ. ಮನೆಯ ಡ್ರೈನೇಜಿನಲ್ಲಿ ಸಾಮಾನ್ಯವಾಗಿ ಹರಿಯುವುದೆಲ್ಲ ಈ ಮಿತಿಯ ಒಳಗೆ ಬರುತ್ತದೆ. ಬಾಟ್ಲಿಯಲ್ಲಿ ಸಿಗುವ ಹೊಗೆಯಾಡುವ ಆ್ಯಸಿಡನ್ನು ನೀರು ಬೆರೆಸದೆ ಸುರಿಯುವವರಿದ್ದರೆ ಅದು ಈ ಮಿತಿಯ ಹೊರಗೆ. ಆ ಒಂದು ವಿಷಯದಲ್ಲಿ ಪಿವಿಸಿಯೇ ಮೇಲು, ಒಪ್ಪಬೇಕು.

ನಮ್ಮ ದೇಶದ ಐಎಸ್ 15905 ಕೂಡ ಇಂಥ ಸಾಕೆಟ್ ಇಲ್ಲದ ಬೀಡಿನ ಪೈಪಿಗೇ ಇರುವುದು. ಆದರೆ ನಂಬರ್ ನೋಡಿ ಸುಮ್ಮನಾಗಬೇಡಿ. ಒಳಲೇಪ ಎಪಾಕ್ಸಿ ಎಂದು ಆರ್ಡರಿನಲ್ಲಿ ಬರೆಸಿ, ಮಾಲು ಇಳಿಸುವಾಗ ಒಂದೊಂದು ಪೈಪಿಗೂ ಟಾರ್ಚ್ ಬಿಟ್ಟು ನೋಡಿ. ಮೂರು ಮೀಟರಿನ 100 ಮಿ.ಮೀ. ಪೈಪು ಸುಮಾರು 25 ಕೆ.ಜಿ. ತೂಗಬೇಕು. ತಕ್ಕಡಿಯಲ್ಲಿ ಗಣನೀಯವಾಗಿ ಕಡಿಮೆ ಬಂದರೆ ವಾಪಸ್ ಕಳಿಸಿ.

ಕರಾವಳಿಯಲ್ಲಿ ಈ ಪೈಪು ಹಾಳಾಗುವುದು ಎರಡು ಜಾಗದಲ್ಲಿ: ಕತ್ತರಿಸಿದ ಅಂಚು ಮತ್ತು ಕ್ಲ್ಯಾಂಪ್. ಫ್ಯಾಕ್ಟರಿಯಲ್ಲಿ ಮೈಗೆಲ್ಲ ಲೇಪ ಬಂದಿರುತ್ತದೆ. ಸೈಟಿನಲ್ಲಿ ಅಳತೆಗೆ ಕತ್ತರಿಸಿದಾಗ ಬೂದುಬಣ್ಣದ ಹಸಿ ಲೋಹ ಉಂಗುರದ ಹಾಗೆ ತೆರೆದುಕೊಳ್ಳುತ್ತದೆ. ಜೂನ್ ತಿಂಗಳಾದರೆ ಒಂದೇ ರಾತ್ರಿಯಲ್ಲಿ ಅದರ ಮೇಲೆ ಕಿತ್ತಳೆ ಬಣ್ಣ ಕೂರುತ್ತದೆ, ನೀವೇ ನೋಡಬಹುದು. ಅಲ್ಲಿಂದ ತುಕ್ಕು ಲೇಪದ ಅಡಿಗೆ ಹೊಕ್ಕರೆ ಎಪಾಕ್ಸಿ ಪದರ ಎದ್ದು ಬರುತ್ತದೆ, ಆಮೇಲೆ ಲೇಪನದ ಪೈಪ್ ಹಾಕಿ ಪ್ರಯೋಜನವಿಲ್ಲ. ಆದ್ದರಿಂದ ಕತ್ತರಿಸಿದ ಕೂಡಲೇ ಅರದಿಂದ ಚೂರು ತೆಗೆದು, ಒರೆಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಬಣ್ಣವನ್ನು ಅಂಚಿಗೂ ಅದರ ಆಚೀಚೆ ಸ್ವಲ್ಪವೂ ಹಚ್ಚಿ ಒಣಗಲು ಬಿಡಬೇಕು. ಐದು ನಿಮಿಷದ ಕೆಲಸ. ಎಲ್ಲರೂ ತಪ್ಪಿಸುವ ಕೆಲಸವೂ ಇದೇ. ಇದನ್ನು ನೋಡಲು ಸೈಟಿನಲ್ಲಿ ನಿಮ್ಮವರೊಬ್ಬರು ಇಲ್ಲ ಅಂತಾದರೆ, ಬೇಸರ ಮಾಡಬೇಡಿ, ಪಿವಿಸಿಯನ್ನೇ ಹಾಕಿಸಿ.

ಕ್ಲ್ಯಾಂಪ್ ಅಂದರೆ ಎರಡು ಪೈಪುಗಳ ತುದಿ ಸೇರಿಸುವ ಪಟ್ಟಿ. ಒಳಗೆ ಇಪಿಡಿಎಂ ರಬ್ಬರಿನ ತೋಳು, ಅದರ ನಡುವೆ ಒಂದು ಏಣು. ಎರಡೂ ಕಡೆಯ ಪೈಪು ಆ ಏಣಿಗೆ ತಾಗಿ ನಿಲ್ಲಬೇಕು. ಮೇಲೆ ಸ್ಟೇನ್‌ಲೆಸ್ ಪಟ್ಟಿ, ಬೋಲ್ಟ್. ಬಿಜೈಯಂಥ ಕಡೆ, ಅದೂ ಶಾಫ್ಟಿನ (ಪೈಪು ಇಳಿಸಲು ಬಿಟ್ಟ ಗೂಡಿನ) ಒಳಗೆ, 304 ದರ್ಜೆಯ ಸ್ಟೇನ್‌ಲೆಸ್ ನಡೆಯುತ್ತದೆ. ಕಡಲ ದಡದ ಮಲ್ಪೆ, ತಣ್ಣೀರುಬಾವಿ, ಪಣಂಬೂರು ಅಂತಾದರೆ ನಾನು ಉಪ್ಪಿಗೆ ಹೆಚ್ಚು ತಾಳುವ 316 ಬಿಟ್ಟು ಬೇರೆ ಬರೆಯುವುದಿಲ್ಲ. ಪಟ್ಟಿ 316 ಇದ್ದು ಬೋಲ್ಟು ಮಾತ್ರ ಸತುವಿನ ಲೇಪದ ಸಾದಾ ಕಬ್ಬಿಣದ್ದು ಬರುವುದುಂಟು, ಅದನ್ನೂ ನೋಡಿಕೊಳ್ಳಿ.

ಇನ್ನು ಲಾಭ. ಎಲ್ಲಕ್ಕಿಂತ ಮೊದಲು ಜನರಿಗೆ ಗೊತ್ತಾಗುವುದು ಸದ್ದು. ಬೀಡಿನ ಸಾಂದ್ರತೆ ನೀರಿನ ಏಳು ಪಟ್ಟು, ಪಿವಿಸಿಯದ್ದು ಒಂದೂವರೆ ಪಟ್ಟೂ ಇಲ್ಲ. ಭಾರದ ಗೋಡೆ ಅಲುಗುವುದು ಕಡಿಮೆ, ಸದ್ದು ಹೊರಗೆ ದಾಟುವುದೂ ಕಡಿಮೆ. ಪೈಪಿಗೂ ಪೈಪಿಗೂ ನಡುವೆ ರಬ್ಬರ್ ಇರುವುದರಿಂದ ಕಂಪನ ಒಂದರಿಂದ ಇನ್ನೊಂದಕ್ಕೆ ಇಳಿಯುವುದೂ ತಗ್ಗುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಶಾಫ್ಟಿಗೂ ಮಲಗುವ ಕೋಣೆಗೂ ನಡುವೆ ನಾಲ್ಕಿಂಚಿನ ಗೋಡೆ ಇದ್ದರೆ ಪುಣ್ಯ. ಮೇಲಿನ ಮನೆಯವರು ರಾತ್ರಿ ಎರಡು ಗಂಟೆಗೆ ಎದ್ದದ್ದು ಕೆಳಗಿನ ಮೂರು ಮನೆಗೂ ತಿಳಿಯುತ್ತದೆ. ಮನೆ ಮಾರುವಾಗ ಇದನ್ನು ಯಾರೂ ಕೇಳುವುದಿಲ್ಲ, ವಾಸಕ್ಕೆ ಬಂದ ತಿಂಗಳಲ್ಲಿ ಎಲ್ಲರೂ ಕೇಳುತ್ತಾರೆ. ಒಂದು ಮಾತು: ಸ್ಟ್ಯಾಕ್ ಕೆಳಗೆ ಬಂದು ತಿರುಗುವ ಜಾಗದಲ್ಲಿ 90 ಡಿಗ್ರಿಯ ಒಂದೇ ಬೆಂಡ್ ಹಾಕಿದರೆ ಬೀಡೂ ಸದ್ದು ಮಾಡುತ್ತದೆ. 45ರ ಎರಡು ಬೆಂಡ್ ಹಾಕಿಸಿ. ಬ್ರಾಕೆಟ್ಟಿಗೂ ಪೈಪಿಗೂ ನಡುವೆ ರಬ್ಬರ್ ಇಲ್ಲದಿದ್ದರೆ ಸದ್ದು ಗೋಡೆಗೆ ಹತ್ತಿ ಮನೆಯೊಳಗೆ ಬರುತ್ತದೆ.

ಎರಡನೆಯದು ಬೆಂಕಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದರೆ ಎತ್ತರದ ಕಟ್ಟಡ. ಆರು ಮಹಡಿ ಅಂದರೆ ನೀವು ಅದರ ಒಳಗೆ ಬರುತ್ತೀರಿ. ಬೀಡು ಉರಿಯುವುದಿಲ್ಲ. ಪಿವಿಸಿ ಕರಗಿ ಸ್ಲ್ಯಾಬಿನಲ್ಲಿ ತೂತು ಬಿಟ್ಟುಕೊಡುತ್ತದೆ, ಹೈಡ್ರೋಜನ್ ಕ್ಲೋರೈಡ್ ಸೇರಿದ ಹೊಗೆ ಆ ದಾರಿಯಲ್ಲೇ ಮೇಲಕ್ಕೆ ಏರುತ್ತದೆ. ಕೆಳಗೆ ಹೋಟೆಲ್ ಅಡುಗೆಮನೆ ಇರುವ ನಿಮ್ಮಂಥ ಕಟ್ಟಡಕ್ಕೆ ಇದು ದೊಡ್ಡ ವಿಷಯ. ಪಿವಿಸಿ ಹಾಕಿದರೆ ಪ್ರತಿ ಮಹಡಿಯ ಸ್ಲ್ಯಾಬಿನಲ್ಲೂ ಬಿಸಿಗೆ ಉಬ್ಬಿ ತೂತು ಮುಚ್ಚುವ ಫೈರ್ ಕಾಲರ್ ಬೇಕು. ಅದರ ಖರ್ಚನ್ನೂ ಸೇರಿಸಿ ಹೋಲಿಸಿದರೆ ಬೀಡು ತೋರುವಷ್ಟು ದುಬಾರಿಯಲ್ಲ. ಬೀಡು ಹಾಕಿದರೂ ಪೈಪಿನ ಸುತ್ತಲಿನ ಸಂದನ್ನು ಫೈರ್ ಸೀಲ್ ಮಾಡಲೇಬೇಕು. ಜಾಯಿಂಟಿನ ರಬ್ಬರ್ ಬೆಂಕಿಗೆ ನಿಲ್ಲುವಂಥದ್ದಲ್ಲ.

ಬಿಸಿನೀರು ಅಂದರೆ ನಮ್ಮಲ್ಲಿ ಗಂಜಿ ತೆಳಿ. ಮನೆಯಲ್ಲಿ ಒಂದು ಪಾತ್ರೆ ಕುಚ್ಚಲಕ್ಕಿಯ ತೆಳಿ ಬಗ್ಗಿಸಿದರೆ ಯಾವ ಪೈಪಿಗೂ ಏನೂ ಆಗದು. ಹೋಟೆಲಿನವರು ದಿನಾ ಹಂಡೆಗಟ್ಟಲೆ ಕುದಿಕುದಿ ತೆಳಿ ಸುರಿಯುವಾಗ, ಇಡ್ಲಿ ಅಟ್ಟದ ನೀರು ಬೇರೆ, ಕತೆ ಬದಲಾಗುತ್ತದೆ. ಪಿವಿಸಿ 80 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತದೆ. ಹ್ಯಾಂಗರುಗಳ ನಡುವೆ ಜೋತುಬೀಳುತ್ತದೆ, ಓಟ, ಅಂದರೆ ನೀರು ಹರಿಯುವ ಇಳಿಜಾರು, ತಪ್ಪುತ್ತದೆ, ಜೋತ ಜಾಗದಲ್ಲಿ ತೆಂಗಿನೆಣ್ಣೆಯ ಜಿಡ್ಡು ಕೂತು ಗಟ್ಟಿಯಾಗುತ್ತದೆ. ಬೀಡು ಹಾಕಿದ ಓಟದಲ್ಲೇ ನಿಲ್ಲುತ್ತದೆ. ಹಿಗ್ಗುವ ಲೆಕ್ಕವೂ ನೋಡಿ: 20 ಮೀಟರ್ ಉದ್ದದ ಪಿವಿಸಿ 20 ಡಿಗ್ರಿ ಬಿಸಿಯೇರಿದರೆ ಸುಮಾರು 30 ಮಿ.ಮೀ. ಬೆಳೆಯುತ್ತದೆ, ಬೀಡು 4 ಮಿ.ಮೀ. ಹಾಗೆಂದು ಜಿಡ್ಡು ಹಿಡಿದಿಡುವ ಗ್ರೀಸ್ ಟ್ರ್ಯಾಪ್ ಬಿಡುವ ಹಾಗಿಲ್ಲ. ಯಾವ ಪೈಪ್ ಹಾಕಿದರೂ ಹೋಟೆಲಿಗೆ ಅದು ಬೇಕೇ ಬೇಕು, ಬಾಡಿಗೆ ಕರಾರಿನಲ್ಲಿಯೇ ಸೇರಿಸಿ.

ಪಾರ್ಕಿಂಗಿನಲ್ಲಿ ಬೀಡಿಗೆ ಇನ್ನೂ ಒಂದು ಲಾಭ. ಜೀಪಿನ ಕ್ಯಾರಿಯರ್ ತಾಗಿದರೂ ಪಿವಿಸಿಯ ಹಾಗೆ ಸುಲಭಕ್ಕೆ ಬಿರಿಯುವುದಿಲ್ಲ. ಹೆಗ್ಗಣ ಕಚ್ಚಿದರೆ ಹಲ್ಲು ಹೋಗುವುದು ಹೆಗ್ಗಣದ್ದೇ.

ಆದರೆ ಭಾರ. ಮೂರು ಮೀಟರ್ ಪೈಪ್ 25 ಕೆ.ಜಿ. ಅಂದೆನಲ್ಲ, ಒಳಗೆ ನೀರು ಕಟ್ಟಿ ನಿಂತರೆ 50 ಕೆ.ಜಿ. ಬ್ಲಾಕ್ ಆದ ದಿನ ಹ್ಯಾಂಗರ್ ಹೊರಬೇಕಾದ್ದು ಅಷ್ಟು. ಮುರಕಲ್ಲಿನ (ಕರಾವಳಿಯ ಮೆದು ಕೆಂಪು ಕಲ್ಲಿನ) ಗೋಡೆಗೆ ಫಾಸ್ಟನರ್ ಹೊಡೆದು ಇದನ್ನು ನೇತುಹಾಕಬೇಡಿ, ಕಲ್ಲು ಹಿಡಿಯುವುದಿಲ್ಲ. ಕಾಂಕ್ರೀಟ್ ಬೀಮಿಗೆ ಇಲ್ಲವೇ ಸ್ಲ್ಯಾಬಿಗೇ ಹಿಡಿಸಬೇಕು, ಪ್ರತಿ ಜಾಯಿಂಟಿನ ಹತ್ತಿರ ಒಂದೊಂದು ಆಧಾರ ಬೇಕು.

ಮಂಗಳೂರಿನವರು ಮುಖ್ಯವಾಗಿ ನೋಡಬೇಕಾದ ಸಂಗತಿ ಮತ್ತೊಂದು ಉಂಟು. ಸಾಮಾನ್ಯ ಕ್ಲ್ಯಾಂಪ್ ತಡೆಯುವುದು 0.5 ಬಾರ್, ಅಂದರೆ ಐದು ಮೀಟರ್ ನೀರಿನ ಒತ್ತಡ. ಆಟಿ ತಿಂಗಳ ಜೋರು ಮಳೆಗೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ನಿಮ್ಮ ಲೈನು ಖಾಲಿಯಾಗದೆ ಇದ್ದಾಗ, ಮೇಲಿಂದ ಮನೆಯವರು ನೀರು ಬಿಡುತ್ತಲೇ ಇದ್ದಾಗ, ಸ್ಟ್ಯಾಕಿನ ಬುಡದಲ್ಲಿ ಅದಕ್ಕಿಂತ ಹೆಚ್ಚು ಒತ್ತಡ ಏಳಬಹುದು. ಪೈಪು ಒಡೆಯುವುದಿಲ್ಲ, ಜಾಯಿಂಟು ಜಾರುತ್ತದೆ. ಹಾಗಾಗಿ ಬುಡದ ಬೆಂಡುಗಳಿಗೂ ಪಾರ್ಕಿಂಗ್ ಲೈನಿನ ತಿರುವುಗಳಿಗೂ ಪೈಪನ್ನು ಕಚ್ಚಿ ಹಿಡಿಯುವ, ಹಲ್ಲಿರುವ ಗ್ರಿಪ್ ಕಾಲರ್ ಹಾಕಿಸಿ. ಅಲ್ಲಲ್ಲಿ ಕೈಗೆಟಕುವ ಹಾಗೆ ಕ್ಲೀನಿಂಗ್ ಡೋರ್ ಇರಲಿ. ಬ್ಲಾಕ್ ತೆಗೆಯುವವನು ಚೂಪು ಕಂಬಿ ತೂರಿಸಿದರೆ ಒಳಲೇಪ ಗೀರಿಹೋಗುತ್ತದೆ, ನೀರಿನ ಜೆಟ್ ಯಂತ್ರ ತರಿಸಿ.

ಮಾರುವವರು ಬಂದು ಫ್ರಾನ್ಸಿನ ವರ್ಸೈಲ್ಸ್ ಅರಮನೆಯ ಕತೆ ಹೇಳಿಯಾರು, 1664ರ ಹೊತ್ತಿಗೆ ಹಾಕಿದ ಬೀಡಿನ ಪೈಪು ಮುನ್ನೂರು ವರ್ಷ ಬಂತು ಅಂತ. ಅದು ದಪ್ಪ ಗೋಡೆಯ, ಶುದ್ಧ ನೀರು ಒಯ್ಯುವ ಪೈಪು. 3.5 ಮಿ.ಮೀ.ಯ ಕೊಳಚೆ ಪೈಪಿಗೆ ಆ ಲೆಕ್ಕ ಹಿಡಿದು ದುಡ್ಡು ಕೊಡಬೇಡಿ. ಹಳೆಯ ಪೈಪು ಗುಜರಿಗೆ ಹೋದರೆ ಮತ್ತೆ ಕರಗಿ ಪೈಪೇ ಆಗುತ್ತದೆ ಎಂಬುದು ಮಾತ್ರ ನಿಜ.

ಮಣ್ಣಿನಡಿ ಬೇಡ ಎಂದದ್ದು ಯಾಕೆಂದರೆ, ಕಟ್ಟಡದೊಳಗಿನ ಬಳಕೆಗೆ ಬರುವ ಪೈಪಿನ ಹೊರಗಿನ ಕೆಂಪು ಬಣ್ಣ ಬರೀ ಪ್ರೈಮರ್. ನಮ್ಮ ಕೆಂಪು ಮಣ್ಣು ಹುಳಿ, ಬೋಳಾರ, ಜೆಪ್ಪು ಕಡೆ ಅಳಿವೆಯ ಉಪ್ಪು ನೀರು ಬೇರೆ. ಹೂಳುವುದಕ್ಕೆಂದೇ ಸತು ಮತ್ತು ಎಪಾಕ್ಸಿ ಬಳಿದ ಬೇರೆ ಪೈಪು ಬರುತ್ತದೆ, ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಹೊರಗೋಡೆಯ ಮೇಲೆ ಬಿಸಿಲಿಗೆ ಬರುವ ಪೈಪಾದರೆ ಪಿವಿಸಿ ಸುಣ್ಣದ ಹಾಗೆ ಬಿಳಿಚಿ ಪೆಳಸಾಗುತ್ತದೆ, ಬೀಡಿಗೆ ಆ ತೊಂದರೆ ಇಲ್ಲ. ಆದರೆ ನಮ್ಮ ಮಳೆಗೆ ಅದರ ಮೇಲೆ ಮತ್ತೆರಡು ಕೋಟ್ ಬಣ್ಣ ಬೇಕು, ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಹೊಡೆಯಬೇಕು. ಆ ರಗಳೆ ಬೇಡ ಅಂತಾದರೆ ಸ್ಟ್ಯಾಕನ್ನು ಶಾಫ್ಟಿನ ಒಳಗೇ ಇಡಿ.

ಪ್ಲಂಬರ್ ವಿಷಯ. ಅಭ್ಯಾಸ ಇಲ್ಲ ಎಂದು ಬಾಯಿಬಿಟ್ಟು ಹೇಳಿದ್ದಾನೆ, ನನಗೆ ಅದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ. ಸೀಸ ಹೊಯ್ಯುವ ಕಾಲದ ಕಷ್ಟ ಈಗ ಇಲ್ಲ, ಪಿವಿಸಿ ಅಂಟಿಸುವವನು ಎರಡು ದಿನದಲ್ಲಿ ಕಲಿಯುತ್ತಾನೆ. ಸಪ್ಲೈ ಮಾಡುವ ಕಂಪನಿಯವರನ್ನು ಸೈಟಿಗೆ ಕರೆಸಿ, ಒಂದು ಬೆಂಡು ಎರಡು ತುಂಡು ಪೈಪನ್ನು ನೆಲದ ಮೇಲೆ ಅವನ ಕೈಯಿಂದಲೇ ಜೋಡಿಸಿ, ಬೋಲ್ಟನ್ನು ಕಂಪನಿಯವರು ಹೇಳಿದ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಟಾರ್ಕ್ ರೆಂಚಿನಲ್ಲಿ ಬಿಗಿಸಿ. ತುದಿ ಮುಚ್ಚಿ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜಾಯಿಂಟಿನ ಅಡಿಯಲ್ಲಿ ಒಣಗಿದ್ದರೆ ಮರುದಿನದಿಂದ ಶಾಫ್ಟಿಗೆ ಇಳಿಸಬಹುದು, ಎಪಾಕ್ಸಿ ಡಬ್ಬಿಯನ್ನು ಅವನ ಚೀಲದಲ್ಲೇ ಇಡಿಸಿ.