ಓದುಗರ ಪ್ರಶ್ನೆ: ಐಡ್ಲಿಂಗ್ ಸ್ಕ್ರೂ ಕೊನೆಗೆ, ಮೊದಲಲ್ಲ

ಪ್ರಶ್ನೆ: ನಮ್ಮದು ಕಾರ್ಬ್ಯುರೇಟರ್ ಇರುವ ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆಫ್ ಆಗುತ್ತಿತ್ತು. ಐಡ್ಲಿಂಗ್ (ಕಾರು ನಿಂತಿರುವಾಗಿನ ಎಂಜಿನ್ ವೇಗ) ಸ್ಕ್ರೂ ಬಿಗಿಮಾಡಿ 1,300 ಆರ್‌ಪಿಎಂಗೆ ಏರಿಸಿದೆ. ಈಗ ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸೆಕೆಂಡು ಗಡಗಡ ಎನ್ನುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ. ಅದು ಮಾಡುವ ಕೆಲಸ ಒಂದೇ: ಎಂಜಿನ್ನಿಗೆ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚದಂತೆ ತಡೆಯುವುದು. ತಟ್ಟೆ ಅತಿಯಾಗಿ ತೆರೆದರೆ ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಐಡಲ್ ರಂಧ್ರದ ಮೇಲಿರುವ, ಆಕ್ಸಿಲರೇಟರ್ ಒತ್ತತೊಡಗಿದಾಗ ಬಳಕೆಯಾಗುವ ಪ್ರೊಗ್ರೆಷನ್ ರಂಧ್ರಗಳಿಂದಲೂ ಪೆಟ್ರೋಲ್ ಎಳೆಯಲು ಶುರುವಾಗುತ್ತದೆ. ಆಗ ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಎಂಜಿನ್ ಕಿವಿಗೊಡುವುದಿಲ್ಲ. ಆಕ್ಸಿಲರೇಟರ್ ಒತ್ತಿದ ಕ್ಷಣ ಮುಗ್ಗರಿಸುತ್ತದೆ. ಆಫ್ ಮಾಡಿದಾಗಲೂ ತೆರೆದ ಸಂದಿಯಿಂದ ಮಿಶ್ರಣ ಒಳಹೋಗಿ, ಸಿಲಿಂಡರ್ ಒಳಗೆ ಕಟ್ಟಿ ಕೆಂಪಗೆ ಕಾದ ಕಾರ್ಬನ್‌ನಿಂದಲೇ ಹೊತ್ತಿಕೊಳ್ಳುತ್ತದೆ. ನಿಮ್ಮ ಗಡಗಡದ ಕಾರಣ ಬಹುಮಟ್ಟಿಗೆ ಇದೇ.

ಎಂಜಿನ್ ಆಫ್ ಆಗುತ್ತಿದ್ದ ಮೂಲ ಕಾರಣ ಬೇರೆಲ್ಲೋ ಇದೆ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಟ್ಯಾಪೆಟ್ ಸಂದಿ (ವಾಲ್ವ್ ಒತ್ತುವ ಭಾಗದ ಬಳಿಯ ಅಂತರ), ಇಗ್ನಿಷನ್ ಟೈಮಿಂಗ್ ಸರಿ ಇವೆಯೇ ನೋಡಿ. ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಬಾಗಿಸಿ ನೋಡಿ. ಹಳೆಯ ರಬ್ಬರ್ ತುದಿಯಲ್ಲೇ ಬಿರುಕು ಬಿಡುವುದು. ಅನುಮಾನ ಬಂದ ಪೈಪನ್ನು ಎಂಜಿನ್ ಓಡುತ್ತಿರುವಾಗ ಇಕ್ಕಳದಿಂದ ಹಗುರಾಗಿ ಅದುಮಿ. ಸದ್ದು ಬದಲಾದರೆ ಗಾಳಿ ಸೋರುವುದು ಅಲ್ಲೇ. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಐಡಲ್ ಪೆಟ್ರೋಲ್ ತಡೆಯುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಇರುತ್ತದೆ. ಕೀ ಆನ್ ಮಾಡಿ ಅದರ ವೈರ್ ತೆಗೆದು ಮತ್ತೆ ಹಾಕಿದಾಗ 'ಟಕ್' ಎನ್ನಬೇಕು. ಟಕ್ ಎಂದರೂ ಐಡ್ಲಿಂಗ್ ಇಲ್ಲವೆಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡಾದ ಐಡಲ್ ಜೆಟ್‌ನಲ್ಲಿ ಕಸ ಕಟ್ಟಿರಬಹುದು. ಜೆಟ್‌ಗೆ ತಂತಿ ಹಾಕಬೇಡಿ, ರಂಧ್ರ ಅಗಲವಾಗುತ್ತದೆ. ಕ್ಲೀನರ್ ಹೊಡೆದು ಗಾಳಿ ಊದಿದರೆ ಸಾಕು.

ಇಷ್ಟಾದ ಮೇಲೆ ಹೊಂದಾಣಿಕೆ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಚೋಕ್ ಪೂರ್ತಿ ತೆರೆದಿರಲಿ. ಎ.ಸಿ., ಹೆಡ್‌ಲೈಟ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಏರ್ ಫಿಲ್ಟರ್ ಅದರ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ಆಮೇಲೆ ಹಾಕಿದಾಗ ಲೆಕ್ಕ ತಪ್ಪುತ್ತದೆ. ಆಕ್ಸಿಲರೇಟರ್ ಕೇಬಲ್ ಸ್ವಲ್ಪ ಸಡಿಲವಿದೆಯೇ ನೋಡಿ. ಬಿಗಿಯಾಗಿದ್ದರೆ ತಟ್ಟೆ ಸ್ಕ್ರೂ ಮೇಲೆ ಕೂರುವುದೇ ಇಲ್ಲ.

ಮಿಕ್ಸ್ಚರ್ ಸ್ಕ್ರೂ ಈಗ ಎಷ್ಟು ಸುತ್ತು ಹೊರಗಿದೆ ಎಂದು ಎಣಿಸಿ ಬರೆದಿಡಿ. ಅಳತೆಯೇ ತಪ್ಪಿಹೋಗಿದ್ದರೆ ಎಂಜಿನ್ ನಿಲ್ಲಿಸಿ, ಹಗುರಾಗಿ ಒಳಗೆ ಕೂರಿಸಿ, ಒಂದೂವರೆಯಿಂದ ಎರಡು ಸುತ್ತು ಹೊರತೆಗೆದು ಅಲ್ಲಿಂದ ಆರಂಭಿಸಿ. ಬಿಗಿಯಾಗಿ ಒತ್ತಿದರೆ ಅದರ ಸೂಜಿಯಂಥ ತುದಿಯಲ್ಲಿ ಗೆರೆ ಬಿದ್ದು ಸ್ಕ್ರೂ ಕೆಡುತ್ತದೆ. ಎಂಜಿನ್ ಓಡುವಾಗ ಕಾಲು ಸುತ್ತಿನಂತೆ ತಿರುಗಿಸುತ್ತಾ, ಪ್ರತಿ ಸಲ ಹತ್ತು ಸೆಕೆಂಡು ಕಾದು, ಆರ್‌ಪಿಎಂ ಅತಿ ಹೆಚ್ಚಾಗುವ ಜಾಗ ಹುಡುಕಿ. ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಿ. ಎರಡನ್ನೂ ಎರಡು ಮೂರು ಬಾರಿ ಸರದಿಯಲ್ಲಿ ಮಾಡಬೇಕಾಗುತ್ತದೆ, ಒಂದು ಬದಲಾದರೆ ಇನ್ನೊಂದೂ ಬದಲಾಗುತ್ತದೆ. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ 750ರಿಂದ 900 ಆರ್‌ಪಿಎಂ. ಬಾನೆಟ್ ಒಳಗಿನ ಸ್ಟಿಕ್ಕರ್ ಅಥವಾ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ. ಬಯಲಿನಲ್ಲೇ ಈ ಕೆಲಸ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ನನ್ನದು ಫ್ಯೂಯೆಲ್ ಇಂಜೆಕ್ಷನ್ ಕಾರು. ನಿಂತಾಗ ಆರ್‌ಪಿಎಂ 600ಕ್ಕೂ 1,100ಕ್ಕೂ ನಡುವೆ ಉಯ್ಯಾಲೆಯಾಡುತ್ತದೆ. ಸ್ಕ್ರೂ ಎಲ್ಲಿದೆ?

ಉತ್ತರ: ಥ್ರಾಟಲ್ ಬಾಡಿಯಲ್ಲಿ ಕಾಣುವ ಆ ಚಿಕ್ಕ ಸ್ಕ್ರೂ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ನಿಗದಿಯಾದದ್ದು, ದಯವಿಟ್ಟು ಮುಟ್ಟಬೇಡಿ. ಇಲ್ಲಿ ಐಡ್ಲಿಂಗ್ ನೋಡಿಕೊಳ್ಳುವುದು ಕಂಪ್ಯೂಟರ್. ಸ್ಕ್ರೂ ತಿರುಗಿಸಿದರೆ ಥ್ರಾಟಲ್ ಸೆನ್ಸರ್‌ನ ಅಳತೆಯೂ ಸರಿದು ತೊಂದರೆ ಹೆಚ್ಚುತ್ತದೆ. ಉಯ್ಯಾಲೆಗೆ ಎರಡು ಸಾಮಾನ್ಯ ಕಾರಣ: ನಿಂತಾಗ ಗಾಳಿ ಬಿಡುವ ಐಡಲ್ ವಾಲ್ವ್ ಮತ್ತು ತಟ್ಟೆಯ ಅಂಚಿನಲ್ಲಿ ಕಟ್ಟಿದ ಕಪ್ಪು ಮಸಿ, ಅಥವಾ ಎಲ್ಲೋ ಸೋರುವ ಗಾಳಿ. ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಹಾಕಿ ಒರೆಸಿ. ಸ್ವಚ್ಛ ಮಾಡಿದ ನಂತರ ಕೆಲಹೊತ್ತು ಐಡ್ಲಿಂಗ್ ಹೆಚ್ಚಿರಬಹುದು. ಕಂಪ್ಯೂಟರ್ ಹೊಸ ಸ್ಥಿತಿಗೆ ಹೊಂದಿಕೊಳ್ಳಬೇಕು. ಕೆಲವು ಕಾರುಗಳಿಗೆ ಕೈಪಿಡಿಯಲ್ಲಿ ಹೇಳಿದ ಮರುಕಲಿಕೆಯ ಕ್ರಮ ಮಾಡಲೇಬೇಕಾಗುತ್ತದೆ.